ಜಾಡಿ ತೇಗುವವರೆಗೆ

2019ರ ಅಕ್ಟೋಬರ್ 20, ಭಾನುವಾರ, ಬೆಳಿಗ್ಗೆ 9 ಗಂಟೆ 40 ನಿಮಿಷಕ್ಕೆ ಲಿಯಾವ್ ಪೈಯುವಾನ್ ಫ್ರೈಬುರ್ಗಿನ ಹಳೆಯ ಪಂಪ್‌ಹೌಸ್ ಸಭಾಂಗಣದ ವೇದಿಕೆಯ ಮೇಲೆ ಮಂಡಿಯೂರಿ ಕೂತು, ಗಡಿಯಾರ ನೋಡಿಕೊಂಡು, ಒಂದು ಜಾಡಿಯ ತೇಗುಗಳನ್ನು ಎಣಿಸಿ ಮುಗಿಸಿದ. ಹತ್ತು ನಿಮಿಷಕ್ಕೆ ಇಪ್ಪತ್ತಮೂರು. ಸರಾಸರಿ ಇಪ್ಪತ್ತಾರು ಸೆಕೆಂಡಿಗೆ ಒಂದು. ಅವನು ಅದನ್ನು ಜೇಬಿನ ಪುಸ್ತಕದಲ್ಲಿ ಬರೆದುಕೊಂಡು, ಜಾಡಿಯ ಭುಜವನ್ನು ಕುದುರೆಯ ಕುತ್ತಿಗೆ ಸವರುವ ಹಾಗೆ ಒಮ್ಮೆ ಸವರಿದ.

ಅದು ಚೀನಾದಲ್ಲಿ ಅವನ ಊರಾದ ಜಿಗೊಂಗ್‌ನಲ್ಲಿ ಮನೆಮನೆಯಲ್ಲೂ ಇರುವಂಥ ಮಣ್ಣಿನ ಜಾಡಿ. ಒಳಗೆ ಉಪ್ಪುನೀರು, ಅದರಲ್ಲಿ ಮೂಲಂಗಿ, ಹುರುಳಿಕಾಯಿ, ಶುಂಠಿ, ಕೆಂಪು ಮೆಣಸಿನಕಾಯಿ. ಕತ್ತಿನ ಸುತ್ತ ಒಂದು ಕಾಲುವೆ, ಕಾಲುವೆಯಲ್ಲಿ ನೀರು, ನೀರಿನೊಳಗೆ ಅಂಚು ಮುಳುಗುವಂತೆ ಬೋರಲು ಹಾಕಿದ ಬಟ್ಟಲೇ ಮುಚ್ಚಳ. ಒಳಗಿನದು ಹುಳಿಯುತ್ತಾ ಹೋದಂತೆ ಗಾಳಿ ತುಂಬಿಕೊಂಡು, ಮುಚ್ಚಳವನ್ನು ಕೂದಲೆಳೆಯಷ್ಟು ಎತ್ತಿ, ನೀರಿನ ಮೂಲಕ ಗುಳುಕ್ ಎಂದು ಹೊರಬರುತ್ತದೆ. ಪೈಯುವಾನ್ ಹುಟ್ಟಿದ ಮನೆಯಲ್ಲಿ ಅಡುಗೆಮನೆಗೂ ಮಲಗುವ ಕೋಣೆಗೂ ನಡುವೆ ಇದ್ದದ್ದು ಒಂದು ಪರದೆ. ಅವನು ತಿಳಿದು ಕೇಳಿದ ಮೊದಲ ಲಯ ಅದೇ.

ಅವನಿಗೀಗ ಐವತ್ತೊಂದು. ಇಪ್ಪತ್ತಾರು ವರ್ಷಗಳ ಹಿಂದೆ ಸಂಗೀತ ರಚನೆ ಕಲಿಯಲು ಜರ್ಮನಿಗೆ ರೈಲಿನಲ್ಲಿ ಬರುವಾಗ ಅಮ್ಮ ಕೊಟ್ಟ ಈ ಜಾಡಿಯನ್ನೇ ತೊಡೆಯ ಮೇಲೆ ಇಟ್ಟುಕೊಂಡು ಬಂದಿದ್ದ. ಸೈಬೀರಿಯಾ ದಾಟುವಾಗ ಎದುರು ಬೆಂಚಿನ ಮಂಗೋಲಿಯದ ಮುದುಕ ಪ್ರತಿ ತೇಗಿಗೂ ಪೈಯುವಾನ್‌ನನ್ನೇ ದಿಟ್ಟಿಸಿ ನೋಡಿ, ಕೊನೆಗೆ ಕರುಣೆಯಿಂದ ಹೊಟ್ಟೆಯ ಮಾತ್ರೆ ಕೊಟ್ಟಿದ್ದ. ಬಂದ ಮೇಲೆ ಪೈಯುವಾನ್ ಹದಿನಾಲ್ಕು ಸೈಕಲ್ ಗಂಟೆಗಳಿಗೂ ಒಬ್ಬ ಗಾಯಕಿಗೂ ಕೃತಿ ಬರೆದ, ಪ್ರಶಸ್ತಿ ಬಂತು. ನಾಲ್ವರು ತಂತಿವಾದಕರು ಇಪ್ಪತ್ತು ನಿಮಿಷ ಶ್ರುತಿ ಮಾಡಿಕೊಳ್ಳುವುದನ್ನು ಬಿಟ್ಟು ಮತ್ತೇನೂ ಮಾಡದ ಕೃತಿ ಬರೆದ, ಇನ್ನೂ ದೊಡ್ಡ ಪ್ರಶಸ್ತಿ ಬಂತು. ಹೆಸರಾಯಿತು. ಆ ಹೆಸರು ಎಲ್ಲೆಲ್ಲಿಗೋ ತಲುಪಿ, ಜಿಗೊಂಗ್‌ನ ಒಂದು ಮನೆಗೆ ಮಾತ್ರ ತಲುಪಿರಲಿಲ್ಲ.

ಅವನ ತಾಯಿ ಜಿಯಾಂಗ್ ಸೂಚೆನ್ ಮಗನ ಒಂದು ಕೃತಿಯನ್ನೂ ಪೂರ್ತಿ ಕೇಳಿದವಳಲ್ಲ. ಪೈಯುವಾನ್ ಇದನ್ನೂ ಪುಸ್ತಕದಲ್ಲಿ ಬರೆದಿಟ್ಟಿದ್ದ. 1998ರಲ್ಲಿ ಕಳಿಸಿದ ಕ್ಯಾಸೆಟ್: ಐವತ್ತು ಸೆಕೆಂಡು. ಆಮೇಲೆ ಹಾಡು ಎಲ್ಲಿಂದ ಶುರುವಾಗುತ್ತದೆಂದು ನೋಡಲು ಟೇಪನ್ನು ಕೊನೆಯವರೆಗೂ ಓಡಿಸಿದ್ದಳು. 2006ರ ಸಿ.ಡಿ.: ಒಂದು ನಿಮಿಷ ನಲವತ್ತು ಸೆಕೆಂಡು. ಕೆಟ್ಟದ್ದನ್ನು ಕಳಿಸಿದ್ದಾರೆಂದು ಅದನ್ನು ಪೇಟೆಯ ಅಂಗಡಿಗೆ ಒಯ್ದು, ಬದಲಿ ಕೊಡಿ ಎಂದು ಜಗಳಕ್ಕೆ ನಿಂತಿದ್ದಳು. 2014ರಲ್ಲಿ ಫೋನಿನಲ್ಲೇ ನೇರವಾಗಿ ತೋರಿಸಿದ್ದು: ಎರಡು ನಿಮಿಷ ಹದಿನೈದು ಸೆಕೆಂಡು. ಅದೇ ಇದುವರೆಗಿನ ದಾಖಲೆ. ರಿಪೇರಿ ಎಲ್ಲ ಮುಗಿದು ಅವರು ಬಾರಿಸೋಕೆ ಶುರು ಮಾಡಿದಾಗ ಕರಿ ಎಂದು ಹೇಳಿ ಫೋನು ಇಟ್ಟಿದ್ದಳು. ನೆರೆಹೊರೆಯವರು ಮಗ ಏನು ಮಾಡುತ್ತಾನೆಂದು ಕೇಳಿದರೆ, ಪರದೇಶದಲ್ಲಿ ವಾದ್ಯಗಳನ್ನು ತಪಾಸಣೆ ಮಾಡುವ ಕೆಲಸ ಎನ್ನುತ್ತಿದ್ದಳು.

ಈಗ ಎಪ್ಪತ್ತೆಂಟನೆಯ ವಯಸ್ಸಿನಲ್ಲಿ ಮೊದಲ ಸಲ ಮಗನ ಊರಿಗೆ ಬಂದಿದ್ದಳು. ವಿಮಾನ ಇಳಿದ ಕೂಡಲೇ, ಜನ್ಮಕ್ಕೆ ಇದೊಂದೇ ಸಲ, ಇನ್ನು ಯಾರು ಸತ್ತರೂ ಹತ್ತುವುದಿಲ್ಲ ಎಂದು ಘೋಷಿಸಿದ್ದಳು. ಬುಧವಾರ ವಾಪಸು ಹೊರಡುವವಳು. ಈ ಭಾನುವಾರ ಹೊಸ ಕೃತಿಯ ಮೊದಲ ಪ್ರಯೋಗ. ಏಳು ಜನ ವಾದಕರು, ಒಂದು ಜಾಡಿ, ಇಪ್ಪತ್ತೆರಡು ನಿಮಿಷ. ಅಮ್ಮನ ಎದುರಿಗೆ ಅಮ್ಮನದೇ ಜಾಡಿ. ಇದನ್ನೂ ಅವಳು ಕೊನೆಯವರೆಗೆ ಕೇಳದಿದ್ದರೆ ಇನ್ನು ಯಾವುದನ್ನೂ ಕೇಳುವುದಿಲ್ಲ ಎಂಬುದು ಪೈಯುವಾನ್‌ಗೆ ಗೊತ್ತಿತ್ತು. ಆದರೂ ಹಿಂದಿನ ದಿನವೇ ಅವಳು ಎಚ್ಚರಿಕೆ ಕೊಟ್ಟಿದ್ದಳು.

“ನೋಡು, ನಂಗೆ ಬೇಜಾರಾದ್ರೆ ನಾನು ಎದ್ದು ಹೋಗೋಳೇ. ನಿಮ್ಮಪ್ಪನ ಶ್ರದ್ಧಾಂಜಲಿ ಭಾಷಣದಲ್ಲೇ ಎದ್ದು ಹೋಗಿದ್ದೆ.”

ಕೃತಿಯ ಮೊದಲ ಪುಟದಲ್ಲಿ ಎರಡು ನಿಯಮಗಳಿದ್ದವು. ಜಾಡಿ ತೇಗುವವರೆಗೆ ಯಾರೂ ಆರಂಭಿಸಕೂಡದು. ಆರಂಭವಾದ ಮೇಲೆ ಮುಗಿಯುವವರೆಗೆ ವೇದಿಕೆಯಿಂದ ಯಾರೂ ಇಳಿಯಕೂಡದು. ಐದು ಭಾಗಗಳು, ಪ್ರತಿ ಭಾಗಕ್ಕೂ ಒಂದು ತೇಗಿನ ಅಪ್ಪಣೆ ಬೇಕು. ತಾಳವಾದ್ಯಗಳ ಗೆರ್ಲಿಂಡ್ ಫೋಸ್ ಜಾಡಿಯ ಪಕ್ಕದಲ್ಲಿ ಕೂತು ಅದನ್ನು ಆಲಿಸಿ ಉಳಿದವರಿಗೆ ಸನ್ನೆ ಮಾಡಬೇಕು. ಮುಂಚಿನ ವಾರದ ಅಭ್ಯಾಸದಲ್ಲಿ ಗೆರ್ಲಿಂಡ್ ನಲವತ್ತು ಸೆಕೆಂಡು ಕಾದು, ಹೊತ್ತಾಗುತ್ತಿದೆಯೆಂದು ತಾನೇ ಸನ್ನೆ ಮಾಡಿಬಿಟ್ಟಿದ್ದಳು. ಪೈಯುವಾನ್ ಎಲ್ಲರನ್ನೂ ನಿಲ್ಲಿಸಿ ಅರ್ಧ ಗಂಟೆ ಪಾಠ ಮಾಡಿದ. ಜಾಡಿಗೆ ನಾವು ಅಪ್ಪಣೆ ಕೊಡುವವರಲ್ಲ, ಒಂದು ಗಂಟೆಯಾದರೂ ಸರಿ, ನಾನೇ ಎದ್ದು ನಿಂತು ಬೇಡಿಕೊಂಡರೂ ಸರಿ, ತೇಗದೆ ಶುರು ಮಾಡಬೇಡಿ ಎಂದ. ಗೆರ್ಲಿಂಡ್ ವಾದ ಮಾಡಲಿಲ್ಲ. ಕೆಂಪು ಪೆನ್ಸಿಲು ತೆಗೆದು ಅಷ್ಟನ್ನೂ ಹಾಳೆಯ ಅಂಚಿನಲ್ಲಿ ಬರೆದುಕೊಂಡು ಕೆಳಗೆ ಎರಡು ಗೆರೆ ಎಳೆದಳು.

ಭಾನುವಾರ ಒಂಬತ್ತೂ ಐವತ್ತಕ್ಕೆ, ನೇರ ಪ್ರಸಾರಕ್ಕೆ ಬಂದಿದ್ದ ರೇಡಿಯೋದವರು ಪೈಯುವಾನ್‌ನನ್ನು ಸಂದರ್ಶನಕ್ಕೆ ಕರೆದುಕೊಂಡು ಹೋದರು. ಅಮ್ಮ ವೇದಿಕೆಯ ಮೇಲೆ ಬಿಸಿನೀರಿನ ಫ್ಲಾಸ್ಕು ಹಿಡಿದು ಜಾಡಿಯ ಎದುರಿಗೆ ಕೂತಿದ್ದಳು. ಅವನು ತಿರುಗಿ ಬಂದಾಗ ಗೆರ್ಲಿಂಡ್ ತನ್ನ ಎರಡೂ ಅಂಗೈಗಳನ್ನು ಮೂಗಿಗೆ ಹಿಡಿದುಕೊಂಡು ಯೋಚನೆ ಮಾಡುತ್ತಾ ನಿಂತಿದ್ದಳು.

“ಲಿಯಾವ್ ಅವರೇ, ನಿಮ್ಮ ತಾಯಿ ನನ್ನ ಕೈ ಮೂಸಿ ನೋಡಿದರು. ಆಮೇಲೆ ಏನೋ ಅಂದರು.”

ಅಷ್ಟು ಹೊತ್ತಿಗೆ ಬಾಗಿಲು ತೆರೆದು ಜನ ಒಳಗೆ ಬರುತ್ತಿದ್ದರು. ಪೈಯುವಾನ್, ನಮ್ಮ ಕಡೆ ಅದು ಗೌರವ ಎಂದುಬಿಟ್ಟ. ಅವರ ಕಡೆ ಅಂಥದ್ದೇನೂ ಇಲ್ಲ. ಗೆರ್ಲಿಂಡ್ ಸಂತೋಷದಿಂದ ತಲೆಬಾಗಿದಳು. ಅವನು ಅಮ್ಮನನ್ನು ಎರಡನೆಯ ಸಾಲಿನ ನಡುಮಧ್ಯದಲ್ಲಿ, ಎದ್ದು ಹೋಗಬೇಕಾದರೆ ಎರಡೂ ಕಡೆ ಎಂಟೆಂಟು ಜನರ ಮಂಡಿ ದಾಟಬೇಕಾದ ಜಾಗದಲ್ಲಿ ಕೂರಿಸಿ, ಪಕ್ಕದಲ್ಲಿ ತಾನು ಕೂತ.

ಹನ್ನೊಂದು ಗಂಟೆ ಏಳು ನಿಮಿಷಕ್ಕೆ ಏಳೂ ಜನ ವಾದಕರು ಬಂದು ಕೂತರು. ಚಪ್ಪಾಳೆ ನಿಂತಿತು. ಜಾಡಿಯ ಕಾಲುವೆಯ ಪಕ್ಕದಲ್ಲಿ ಕಡಲೆಕಾಳಿನಷ್ಟು ದೊಡ್ಡ ಮೈಕು ಇತ್ತು. ತೇಗಿದರೆ ಇಡೀ ಸಭಾಂಗಣಕ್ಕೆ ಕೇಳಿಸಬೇಕು.

ಇಪ್ಪತ್ತಾರು ಸೆಕೆಂಡು ಕಳೆಯಿತು. ಪೈಯುವಾನ್ ಮುಗುಳ್ನಕ್ಕ, ಸರಾಸರಿ ಎಂದರೆ ಸರಾಸರಿ ತಾನೆ, ಹೆಚ್ಚು ಕಡಿಮೆ ಇದ್ದೇ ಇರುತ್ತದೆ. ಐವತ್ತಾಯಿತು. ಒಂದು ನಿಮಿಷವಾಯಿತು. ಎದುರು ಸಾಲಿನ ಗಡ್ಡದವರು ಕಣ್ಣು ಮುಚ್ಚಿ ತಲೆಯನ್ನು ಹಿಂದಕ್ಕೆ ಚೆಲ್ಲಿದರು. ಬಲಗಡೆಯ ಹೆಂಗಸೊಬ್ಬಳು ಏನನ್ನೋ ಬರೆದುಕೊಳ್ಳತೊಡಗಿದಳು. ಹಿಂದೆ ಯಾರೋ ಕೆಮ್ಮಿದರು. ಇನ್ಯಾರೋ ಅದಕ್ಕೆ ಉತ್ತರವಾಗಿ ಬಹಳ ಎಚ್ಚರಿಕೆಯಿಂದ, ಸ್ವಲ್ಪ ಮೇಲಿನ ಸ್ಥಾಯಿಯಲ್ಲಿ ಕೆಮ್ಮಿದರು. ಇಂಥ ಸಂಗೀತಕ್ಕೆ ಬರುವ ಜನ ಅವರು. ಏನೂ ನಡೆಯದಿದ್ದರೆ ಏನೋ ನಡೆಯುತ್ತಿದೆ ಎಂದೇ ತಿಳಿಯುವವರು. ಅವರನ್ನು ಹಾಗೆ ಪಳಗಿಸಿದವರಲ್ಲಿ ಪೈಯುವಾನ್‌ನೂ ಒಬ್ಬ.

ಅಮ್ಮ ಅವನ ಕಡೆಗೆ ವಾಲಿದಳು.

“ಏನೋ ಇದು, ಊಟಕ್ಕೆ ಕೂರಿಸಿ ಬಡಿಸೋರು ನಾಪತ್ತೆ ಆದ ಹಾಗಿದೆ.”

“ಜಾಡಿಗೆ ಕಾಯ್ತಾ ಇದ್ದಾರೆ ಅಮ್ಮ. ಅದು ತೇಗಿದ ಮೇಲೆ ಶುರು.”

“ಅದೆಲ್ಲಿ ತೇಗುತ್ತೆ ಈಗ,” ಎಂದಳು ಅಮ್ಮ, ಬಸ್ಸು ಹೋಗಿ ಆಯಿತು ಎನ್ನುವವರ ಧಾಟಿಯಲ್ಲಿ. “ಎರಡು ದಿನ ಸುಮ್ನಿರುತ್ತೆ.”

ಪೈಯುವಾನ್ ಪಿಸುಮಾತಿನಲ್ಲಿ ಒಂದೊಂದಾಗಿ ಕೇಳಿ ತಿಳಿದುಕೊಂಡ. ಅವನು ಸಂದರ್ಶನಕ್ಕೆ ಹೋಗಿದ್ದಾಗ ಅಮ್ಮ ಮುಚ್ಚಳ ತೆಗೆದು ನೋಡಿದ್ದಳು. ಉಪ್ಪುನೀರಿನ ಮೇಲೆ ಬಿಳಿ ಹೂ ಬಿಟ್ಟಿತ್ತು, ಹಾಲಿನ ಕೆನೆಯಂಥ ತೆಳು ಪೊರೆ. ಎಣ್ಣೆಗೈ ತಾಗಿದರೆ ಹಾಗೇ ಆಗುವುದು. ಯಾರ ಕೈ ಎಂದು ಹುಡುಕಿ, ಮೂಸಿ, ಗೆರ್ಲಿಂಡಳ ಕೈಯ ಮುಲಾಮನ್ನು ಕಂಡುಹಿಡಿದಿದ್ದಳು. ಚಳಿ ಶುರುವಾದರೆ ತಾಳವಾದ್ಯದವರ ಬೆರಳು ಒಡೆಯುತ್ತದೆ, ಮುಲಾಮು ಹಚ್ಚುತ್ತಾರೆ. ಅಭ್ಯಾಸದ ದಿನಗಳಲ್ಲಿ ಅದೇ ಬೆರಳಿನಲ್ಲಿ ಮೈಕನ್ನು ಸರಿಪಡಿಸಿ, ಒಳಗೇನಿದೆ ನೋಡೋಣವೆಂದು ಒಂದು ಮೂಲಂಗಿಯನ್ನು ಚಿವುಟಿರಬೇಕೆಂಬುದು ಅಮ್ಮನ ತೀರ್ಮಾನ. ಹೂ ಬಿಟ್ಟ ಜಾಡಿಗೆ ಅವರಲ್ಲಿ ಮದ್ದು ಒಂದೇ. ಜೋಳದ ಸಾರಾಯಿ. ಅಮ್ಮನ ಚೀಲದಲ್ಲಿ ಅದು ಮಂಡಿಗೆ ಹಚ್ಚಲು ಯಾವಾಗಲೂ ಇರುತ್ತದೆ.

“ಎಷ್ಟು ಹಾಕಿದೆ?”

“ಎರಡು ಮುಚ್ಚಳ.”

“ಸೀಸೆ ಮುಚ್ಚಳ ತಾನೆ?”

“ಫ್ಲಾಸ್ಕಿನ ಮುಚ್ಚಳ ಕಣೋ. ಸೀಸೆ ಮುಚ್ಚಳದಲ್ಲಿ ಹಾಕೋಕೆ ಅದೇನು ಕಿವಿಗೆ ಬಿಡೋ ಔಷಧೀನಾ?”

ಪೈಯುವಾನ್ ತಲೆಯಲ್ಲೇ ಲೆಕ್ಕ ಹಾಕಿದ. ಎರಡು ಫ್ಲಾಸ್ಕು ಮುಚ್ಚಳ ಎಂದರೆ ಮುನ್ನೂರು ಮಿಲಿಲೀಟರು. ಒಂಬತ್ತು ಲೀಟರ್ ಉಪ್ಪುನೀರಿಗೆ ಅಷ್ಟು ಸಾರಾಯಿ ಬಿದ್ದರೆ ಒಳಗಿನ ಜೀವಾಣುಗಳಿಗೆಲ್ಲ ರಜೆ. ಸಾಲದ್ದಕ್ಕೆ ಮುಚ್ಚಳ ತೆಗೆದಾಗ ಒಳಗೆ ಸೇರಿದ್ದ ಗಾಳಿಯೂ ಹೊರಗೆ ಹೋಗಿದೆ. ಅಮ್ಮ ಹೇಳಿದ ಎರಡು ದಿನ ಸರಿಯಾಗಿಯೇ ಇತ್ತು. ಕೃತಿಯ ನಿಯಮದ ಪ್ರಕಾರ ಕಛೇರಿ ಮಂಗಳವಾರ ಆರಂಭವಾಗಬೇಕು.

ಮೂರನೆಯ ನಿಮಿಷದಲ್ಲಿ ಅವನು ಗೆರ್ಲಿಂಡಳ ಕಣ್ಣು ಹಿಡಿದು, ಶುರು ಮಾಡಿ ಎಂಬಂತೆ ತಲೆಯಾಡಿಸಿದ. ಗೆರ್ಲಿಂಡ್ ಅದನ್ನು ಭೇಷ್ ಎಂದು ತಿಳಿದು ಗಂಭೀರವಾಗಿ ತಲೆಯಾಡಿಸಿದಳು. ಅವನು ಎದೆಯ ಹತ್ತಿರ ಅಂಗೈಯನ್ನು ಮೇಲೆತ್ತಿ ಸನ್ನೆ ಮಾಡಿದ. ಅವಳು ಕಣ್ಣಿನಲ್ಲೇ ಹಾಳೆಯ ಅಂಚಿನ ಕೆಂಪು ಬರಹವನ್ನು ತೋರಿಸಿದಳು: ನಾನೇ ಎದ್ದು ನಿಂತು ಬೇಡಿಕೊಂಡರೂ ಸರಿ. ಆಮೇಲೆ ಅವನ ಕಡೆ ನೋಡುವುದನ್ನೇ ಬಿಟ್ಟಳು.

ಈ ಹೊತ್ತಿಗಾಗಲೇ ರೇಡಿಯೋದಲ್ಲಿ ಬೇರೆಯದೇ ನಡೆಯುತ್ತಿತ್ತು. ಅದು ಪೈಯುವಾನ್‌ಗೆ ಗೊತ್ತಾದದ್ದು ಆಮೇಲೆ. ತೊಂಬತ್ತು ಸೆಕೆಂಡು ಸದ್ದಿಲ್ಲದಿದ್ದರೆ ಏನೋ ಕೆಟ್ಟಿದೆಯೆಂದು ತಿಳಿದು ತಾನಾಗಿ ಒಂದು ಹಳೆಯ ಕುಣಿತದ ಸಂಗೀತ ಹಾಕುವ ಯಂತ್ರ ನಿಲಯದಲ್ಲಿತ್ತು. ಅದು ತನ್ನ ಕೆಲಸ ಮಾಡಿತು. ಮನೆಯಲ್ಲಿ ಕೂತಿದ್ದ ಶ್ರೋತೃಗಳು ಸುಮಾರು ಏಳು ನಿಮಿಷ ತಂಪಾಗಿ ಕುಣಿತದ ಸಂಗೀತ ಕೇಳಿದರು. ಆ ವಾರ ಬಂದ ಪತ್ರಗಳಲ್ಲಿ ಮೂರು, ಲಿಯಾವ್ ಅವರು ಕೊನೆಗೂ ನಮ್ಮಂಥವರಿಗೆ ಅರ್ಥವಾಗುವ ಹಾಗೆ ಬರೆದಿದ್ದಾರೆ, ಆಮೇಲಿನ ಭಾಗ ಮಾತ್ರ ಹಾಳು ಮಾಡಿಕೊಂಡರು ಎಂದು ಹೇಳಿದ್ದವು.

ಐದು ನಿಮಿಷ. ಆರು. ಸಭಾಂಗಣದ ಭಕ್ತಿ ಹೆಚ್ಚುತ್ತಾ ಹೋಯಿತು. ಒಬ್ಬರ ಕಣ್ಣಿನಲ್ಲಿ ನೀರು ಬಂದಿತ್ತು. ಪೈಯುವಾನ್ ಮಾತ್ರ ಅಮ್ಮನ ಕಾಲನ್ನೇ ನೋಡುತ್ತಿದ್ದ. ಅವಳು ಎಡಗಾಲಿನ ಬೂಟನ್ನು ನೆಲಕ್ಕೆ ಒತ್ತಿ ಸರಿಮಾಡಿಕೊಂಡಳು. ಆಮೇಲೆ ಬಲಗಾಲಿನದು. ಎದ್ದು ಹೋಗುವ ಮೊದಲು ಅವಳು ಮಾಡುವುದೇ ಅದು. ಎರಡು ನಿಮಿಷ ಹದಿನೈದು ಸೆಕೆಂಡಿನ ದಾಖಲೆ ಮುರಿಯಿತೆಂದು ಸಮಾಧಾನ ಮಾಡಿಕೊಳ್ಳುವಂತೆಯೂ ಇರಲಿಲ್ಲ. ಇದುವರೆಗೆ ಕೇಳಲು ಏನಿತ್ತು?

“ಅಮ್ಮ, ಕೂತ್ಕೋ. ದಮ್ಮಯ್ಯ.”

“ಬಿಡೋ ಕೈ.”

“ಬೇಜಾರಾದ್ರೂ ಇವತ್ತೊಂದಿನ...”

“ಬೇಜಾರಿಗೆ ಬೆಂಕಿ ಬಿತ್ತು. ಇಷ್ಟು ಜನ ನನ್ನ ಜಾಡಿ ಮುಖ ನೋಡ್ಕೊಂಡು ಕೂತಿದ್ದಾರೆ. ಅದಕ್ಕೆ ಕೆಟ್ಟ ಹೆಸರು ಬರಲ್ವಾ?”

ಅವಳು ಎದ್ದಳು. ಎಂಟು ಜೋಡಿ ಮಂಡಿಗಳನ್ನು ದಾಟಿದಳು. ಪ್ರತಿಯೊಬ್ಬರೂ ಎದ್ದು ನಿಂತು ದಾರಿ ಬಿಟ್ಟು, ಕುರ್ಚಿ ಕಿರುಗುಟ್ಟದಂತೆ ಮತ್ತೆ ಕೂತರು. ನಾಲ್ಕು ಮೆಟ್ಟಿಲು ಹತ್ತಿ ವೇದಿಕೆಗೆ ಹೋದಳು. ಕರವಸ್ತ್ರ ತೆಗೆದು ಎರಡೂ ಕೈಗಳನ್ನು ಬೆರಳ ಸಂದಿಯೂ ಬಿಡದೆ ಒರೆಸಿಕೊಂಡಳು. ಗೆರ್ಲಿಂಡಳ ಕೈಗಳ ಕಡೆಗೆ ಒಮ್ಮೆ ನೋಡಿ, ಅವು ದೂರ ಇವೆಯೆಂದು ಖಾತ್ರಿ ಮಾಡಿಕೊಂಡು, ಜಾಡಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತು ಅದನ್ನು ತಬ್ಬಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುವಿದಳು. ಆಮೇಲೆ ಹಾಲು ಕುಡಿದ ಕೂಸಿಗೆ ತೇಗು ಬರಿಸುವವರ ಹಾಗೆ ಜಾಡಿಯ ಬೆನ್ನಿಗೆ ಮೆತ್ತಗೆ ತಟ್ಟಿದಳು. ಉಪ್ಪುನೀರಿನಲ್ಲಿ ಕರಗಿದ್ದ ಗಾಳಿ ಎಷ್ಟೋ ಇದ್ದೇ ಇತ್ತು. ಅಲುಗಾಡಿಸಿದರೆ ಬಿಡಿಸಿಕೊಳ್ಳುತ್ತದೆ. ಪೈಯುವಾನ್‌ಗೆ ಅದು ಹೊಳೆದೇ ಇರಲಿಲ್ಲ.

ಗುಳುಕ್.

ಎಂಟು ನಿಮಿಷ ಇಪ್ಪತ್ತು ಸೆಕೆಂಡಿನ ನಂತರ ಸ್ಪೀಕರುಗಳಿಂದ ಹೊರಬಿದ್ದ ಆ ಸದ್ದಿಗೆ ಇಡೀ ಸಭಾಂಗಣ ಬೆಚ್ಚಿತು. ಗೆರ್ಲಿಂಡ್ ಸನ್ನೆ ಮಾಡಿದಳು. ಸಂಗೀತ ಶುರುವಾಯಿತು.

ಅಮ್ಮ ಕೆಲಸ ಮುಗಿಯಿತೆಂದು ಮಂಡಿ ಹಿಡಿದುಕೊಂಡು ಎದ್ದಳು. ಗೆರ್ಲಿಂಡ್ ಬಲಗೈಯಲ್ಲಿ ಕಂಚಿನ ತಾಳದ ತಟ್ಟೆ ಬಾರಿಸುತ್ತಲೇ ಎಡಗೈಯನ್ನು ಅಡ್ಡ ಹಿಡಿದಳು. ಎರಡನೆಯ ನಿಯಮ ಎಂದರೆ ನಿಯಮ. ಆರಂಭವಾದ ಮೇಲೆ ವೇದಿಕೆಯಿಂದ ಯಾರೂ ಇಳಿಯಕೂಡದು. ಅಮ್ಮ ಬಗ್ಗಿ ಹೋಗಲು ನೋಡಿದಳು, ಕೈ ಬಗ್ಗಿತು. ಸುತ್ತಿ ಹೋಗಲು ನೋಡಿದಳು, ಅಲ್ಲಿ ದೊಡ್ಡ ಪಿಟೀಲಿನವನು ಕಾಲು ಚಾಚಿದ. ಏಳು ಜನಕ್ಕೂ ಆ ಅರ್ಧ ಗಂಟೆಯ ಪಾಠ ಚೆನ್ನಾಗಿ ನೆನಪಿತ್ತು. ಕೊನೆಗೆ ಗೆರ್ಲಿಂಡ್ ತನ್ನ ಪಕ್ಕದ ಖಾಲಿ ಸ್ಟೂಲನ್ನು ಪಾದದಿಂದ ತಳ್ಳಿದಳು. ಅಮ್ಮ ಎರಡನೆಯ ಸಾಲಿನ ಕಡೆ, ನಿನ್ನನ್ನು ಆಮೇಲೆ ನೋಡ್ಕೋತೀನಿ ಎಂಬಂತೆ ಒಮ್ಮೆ ದುರುಗುಟ್ಟಿ ಕೂತಳು.

ಮೊದಲ ಭಾಗ ಮುಗಿಯಿತು. ಎಲ್ಲರೂ ಜಾಡಿಯ ಕಡೆ ನೋಡಿದರು. ಆಮೇಲೆ ಅಮ್ಮನ ಕಡೆ ನೋಡಿದರು. ಅವಳಿಗೆ ಯಾರೂ ಏನೂ ಹೇಳಬೇಕಾಗಲಿಲ್ಲ. ತಿರುವಿ ತಟ್ಟಿದಳು. ಗುಳುಕ್. ಎರಡನೆಯ ಭಾಗ. ಅದು ಮುಗಿಯುತ್ತಾ ಬಂದಾಗ ಪೈಯುವಾನ್ ಕುರ್ಚಿಯ ತುದಿಗೆ ಬಂದ. ಎಲ್ಲರೂ ನಿಲ್ಲಿಸಿದ್ದರು, ದಪ್ಪ ಕೊಳಲಿನ ಹುಡುಗಿಯ ಕೊನೆಯ ಸ್ವರ ಮಾತ್ರ ಉಳಿದಿತ್ತು. ಅಮ್ಮ ಕೈಯನ್ನು ಜಾಡಿಯ ಹತ್ತಿರ ಒಯ್ದು, ಅರ್ಧದಲ್ಲಿ ತಡೆದು, ಹಾಗೇ ಹಿಡಿದಿದ್ದಳು. ಆ ಸ್ವರ ತೆಳ್ಳಗಾಗಿ, ಬರೀ ಉಸಿರಾಗಿ, ಇಲ್ಲವಾದ ಮೇಲೆ ತಟ್ಟಿದಳು.

ಕಡೆಯ ಭಾಗದ ತೇಗು ಬರಲಿಲ್ಲ. ತಟ್ಟಿದಳು, ಇಲ್ಲ. ತಿರುವಿದಳು, ಇಲ್ಲ. ಒಳಗಿನ ಗಾಳಿ ತೀರುತ್ತಾ ಬಂದಿತ್ತು. ಅಮ್ಮ ಜಾಡಿಯನ್ನು ಎತ್ತಿ ತೊಡೆಯ ಮೇಲೆ ಕೂರಿಸಿಕೊಂಡು, ಕಾಲುವೆಯ ನೀರು ಚೆಲ್ಲದಂತೆ ತೂಗತೊಡಗಿದಳು. ಏನೋ ಗೊಣಗಿದಳು. ಕಡಲೆಕಾಳಿನಷ್ಟು ದೊಡ್ಡ ಮೈಕು ಅದನ್ನು ಸಭಾಂಗಣಕ್ಕೆಲ್ಲ ಕೇಳಿಸಿತು. ಅರ್ಥವಾದದ್ದು ಪೈಯುವಾನ್ ಒಬ್ಬನಿಗೆ.

“ಬಾರೆ ಬಂಗಾರಿ, ಇದೊಂದು ಕೊಟ್ಟುಬಿಡು, ಮನೆಗೆ ಹೋಗೋಣ. ನಮ್ಮ ಹುಡುಗನ ಮಾನದ ಪ್ರಶ್ನೆ.”

ಜಾಡಿ ಗುಬ್ಬಿ ನೀರು ಕುಡಿದಷ್ಟು ಸಣ್ಣಗೆ ತೇಗಿತು. ಇನ್ನೂರ ಹತ್ತು ಜನ ಒಟ್ಟಿಗೆ ಉಸಿರು ಬಿಟ್ಟರು.

ಕಡೆಯ ಭಾಗವೂ ಮುಗಿದ ಮೇಲೆ ಚಪ್ಪಾಳೆ ಬಹಳ ಹೊತ್ತು ನಡೆಯಿತು. ವಾದಕರು ಅಮ್ಮನನ್ನು ಮಧ್ಯೆ ನಿಲ್ಲಿಸಿ ಬಾಗಿದರು. ಅವಳು ಬಾಗಲಿಲ್ಲ, ತೊಡೆಯ ಮೇಲಿಂದ ಇಳಿಸಿದ ಜಾಡಿಯ ಕಾಲುವೆಯಲ್ಲಿ ನೀರು ಎಷ್ಟು ಉಳಿದಿದೆಯೆಂದು ನೋಡುತ್ತಿದ್ದಳು. ಹೊರಗಿನ ಪಡಸಾಲೆಯಲ್ಲಿ ಪಾನೀಯದ ಹೊತ್ತಿಗೆ ಅವಳು ಒದ್ದೆಯಿಲ್ಲದ ಊಟದ ಕಡ್ಡಿಗಳಿಂದ ಮೂಲಂಗಿ, ಹುರುಳಿಕಾಯಿ ತೆಗೆದು ಬಟ್ಟಲಿಗೆ ಹಾಕಿ ಎಲ್ಲರಿಗೂ ಹಂಚಿದಳು. ಜನ ಒಂದೊಂದು ತುಂಡನ್ನು ಪ್ರಸಾದದ ಹಾಗೆ ಎರಡು ಕೈಯಲ್ಲಿ ಹಿಡಿದು, ವಾದ್ಯವನ್ನು ತಿನ್ನುವುದು ಇದೇ ಮೊದಲು ಎಂದುಕೊಂಡು ತಿಂದರು. ಎದುರು ಸಾಲಿನ ಗಡ್ಡದವರು ಮೆಣಸಿನಕಾಯಿ ಕಚ್ಚಿಬಿಟ್ಟರು. ಅವರ ಕಣ್ಣೀರನ್ನು ಎಲ್ಲರೂ ಗೌರವದಿಂದ ನೋಡಿದರು. ಗೆರ್ಲಿಂಡ್ ಬಂದು ಅಮ್ಮನ ಎರಡೂ ಕೈ ಹಿಡಿದು, ಬಗ್ಗಿ, ದೀರ್ಘವಾಗಿ ಮೂಸಿದಳು.

“ಇವಳಿಗೇನೋ ಬಂದಿರೋದು?” ಎಂದಳು ಅಮ್ಮ.

“ಗೌರವ ಅಮ್ಮ. ಇವರ ಕಡೆ ಹಾಗೆ.”

ಅಮ್ಮ ಒಪ್ಪಿಕೊಂಡಳು. ಪರದೇಶದಲ್ಲಿ ಏನೇನೋ ಇರುತ್ತದೆ.

ಟ್ರಾಮಿನಲ್ಲಿ ಮನೆಗೆ ಹೋಗುವಾಗ ಜಾಡಿ ಪೈಯುವಾನ್‌ನ ತೊಡೆಯ ಮೇಲಿತ್ತು. ನಾಲ್ಕನೆಯ ನಿಲ್ದಾಣದಲ್ಲಿ ಅವನು ಹೇಗಿತ್ತು ಎಂದು ಕೇಳಿದ.

“ಹೇಗಿರುತ್ತೆ. ಹೋಗೋಕೇ ಬಿಡಲಿಲ್ಲ ನಿಮ್ಮೋರು.”

“ಅದಲ್ಲ. ಸಂಗೀತ.”

ಅಮ್ಮ ಜಾಡಿಯ ಮುಚ್ಚಳವನ್ನು ಸರಿಮಾಡಿದಳು.

“ಆ ದಪ್ಪ ಕೊಳಲಿನ ಹುಡುಗಿ ಉಸಿರು ಇನ್ನೂ ಮುಗಿಸಿರಲಿಲ್ಲ. ಅಷ್ಟರಲ್ಲಿ ತೇಗಿಸಿದ್ರೆ ಅದರ ಮೇಲೆ ಬೀಳ್ತಿತ್ತು. ಅದಕ್ಕೇ ತಡೆದೆ. ನೀನು ಅದನ್ನ ಬರೆದಿಡಬೇಕಿತ್ತು ಕಣೋ. ಜಾಡಿಗೆ ಬಿಟ್ರೆ ಅದಕ್ಕೇನು ಗೊತ್ತು?”

ಪೈಯುವಾನ್ ಹೌದಮ್ಮ ಎಂದ. ಕೃತಿಯ ಆ ಪುಟದಲ್ಲಿ ಅವನು ತಿಂಗಳುಗಟ್ಟಲೆ ತಿದ್ದಿ, ಕೊನೆಗೆ ಅದೃಷ್ಟಕ್ಕೆ ಬಿಟ್ಟಿದ್ದ ಜಾಗ ಅದೊಂದೇ.

ಮನೆಗೆ ಬಂದು ಜಾಡಿಯನ್ನು ಅಡುಗೆಮನೆಯ ಮೂಲೆಯಲ್ಲಿಟ್ಟ. ಅಮ್ಮ ಅದಕ್ಕೆ ಒಂದು ಹಿಡಿ ಸಕ್ಕರೆ ಹಾಕಿ, ಮುಲಾಮಿನ ಕೈ ಯಾರದೂ ತಾಗಕೂಡದೆಂದು ಅಪ್ಪಣೆ ಮಾಡಿ, ಅನ್ನಕ್ಕೆ ನೀರಿಟ್ಟಳು. ಪೈಯುವಾನ್ ಪುಸ್ತಕ ತೆಗೆದು ಹಳೆಯ ಮೂರು ಸಾಲುಗಳ ಕೆಳಗೆ ದಿನಾಂಕ ಬರೆದ. ಪೆನ್ನು ಹಿಡಿದು ಸ್ವಲ್ಪ ಹೊತ್ತು ಯೋಚನೆ ಮಾಡಬೇಕಾಯಿತು. ಕಾದ ಎಂಟು ನಿಮಿಷ ಇಪ್ಪತ್ತು ಸೆಕೆಂಡನ್ನು ಬಿಡುವುದು ನ್ಯಾಯ; ಆಗ ಅವಳು ಕೇಳುತ್ತಿರಲಿಲ್ಲ. ಬಲವಂತವಾಗಿ ಕೂರಿಸಿದ್ದನ್ನು ಲೆಕ್ಕಕ್ಕೆ ಹಿಡಿಯಬಹುದೇ ಎಂಬುದು ಇನ್ನೊಂದು ಪ್ರಶ್ನೆ. ಆದರೆ ಕೊಳಲಿನ ಉಸಿರಿನ ಮಾತು ಸಾಕ್ಷಿಯಾಗಿತ್ತು. ಮೊದಲ ತೇಗಿನಿಂದ ಕೊನೆಯ ಸ್ವರದವರೆಗಿನದನ್ನು ಗಡಿಯಾರದ ಟಿಪ್ಪಣಿ ನೋಡಿ ಕಳೆದು, ಇನ್ನೊಮ್ಮೆ ಕಳೆದು ತಾಳೆ ನೋಡಿ, ಬರೆದ.

24 ನಿಮಿಷ 35 ಸೆಕೆಂಡು.